ಆಲ್ಟೆನ್‌ರೀಡಿನ ಬೆನ್ನುಮನೆ

ಆಲ್ಟೆನ್‌ರೀಡ್ ಪಟ್ಟಣದ ಪೇಟೆ ಚೌಕದಲ್ಲಿ ನಿಂತರೆ ಎದುರಿಗೆ ಕಾಣುವ ದೊಡ್ಡ ಕಟ್ಟಡವೇ ಬೆನ್ನುಮನೆ. ಕಪ್ಪು ತೊಲೆಗಳ ಚೌಕಟ್ಟು, ತೊಲೆಗಳ ನಡುನಡುವೆ ಸುಣ್ಣ ಬಳಿದ ಮಣ್ಣಿನ ಗೋಡೆ, ಮೇಲೆ ಕಡಿದಾದ ಕೆಂಪು ಹೆಂಚಿನ ಮಾಡು. ಜರ್ಮನಿಯ ಹಳೆಯ ಊರುಗಳಲ್ಲಿ ಇಂಥ ಮನೆಗಳಿಗೇನೂ ಬರವಿಲ್ಲ. ಆದರೆ ಈ ಮನೆಯ ಗೋಡೆಯ ನಡುವೆ ಎರಡು ಕದದ ಹಸಿರು ಬಾಗಿಲೊಂದಿದೆ. ಹಿತ್ತಾಳೆಯ ಹಿಡಿ, ಕೀಲಿಯ ತೂತು, ತೂತಿನ ಸುತ್ತ ಕೈ ಸವೆದ ಗುರುತು, ಎಲ್ಲವೂ ಇವೆ. ಬಂದವರು ನೆಟ್ಟಗೆ ಹೋಗಿ ತಳ್ಳುತ್ತಾರೆ. ಅದು ತೆರೆಯುವುದಿಲ್ಲ, ಏಕೆಂದರೆ ಅದು ಬಾಗಿಲೇ ಅಲ್ಲ, ಗೋಡೆಯ ಮೇಲೆ ಬರೆದ ಚಿತ್ರ. ನಾನೂ ತಳ್ಳಿದೆ. ತಳ್ಳಿ ಮೋಸಹೋದ ಮೇಲೆ ಮುಖದಲ್ಲಿ ಏನೂ ತೋರಿಸದೆ ಪಕ್ಕಕ್ಕೆ ಸರಿದು, "ಬಿಗಿ ಐತಿ, ಭುಜಾ ಕೊಟ್ಟು ತಳ್ಳಬೇಕು" ಎಂದು ನೀಲತ್ತೆಗೆ ಹೇಳಿದೆ. ಅತ್ತೆ ಭುಜ ಕೊಟ್ಟಳು. ಆಮೇಲೆ ಕ್ಯಾಮೆರಾ ಹಾಕಿಕೊಂಡಿದ್ದ ದಂಪತಿಗಳಿಬ್ಬರಿಗೆ ಬರೀ ಕೈಸನ್ನೆಯಿಂದಲೇ ಅದೇ ಉಪದೇಶ ಮಾಡಿದೆ. ಅವರೂ ಕೊಟ್ಟರು.

ನಿಜವಾದ ಬಾಗಿಲು ಹಿಂದುಗಡೆ, ಸೆಲ್ಮ ಎಂಬ ಸಣ್ಣ ಹೊಳೆಯ ದಂಡೆಗಿದೆ. ಊರಿನ ಪುರಸಭೆಯಾದ ಈ ಕಟ್ಟಡ ಪೇಟೆಗೆ ಬೆನ್ನು ತೋರಿಸಿ ಹೊಳೆಗೆ ಮುಖ ಮಾಡಿ ನಿಂತಿರುವುದು ಏಕೆಂದು ಕೇಳಿದರೆ ಊರಿನವರು ಎಲ್ಲರಿಗೂ ಒಬ್ಬರನ್ನೇ ತೋರಿಸುತ್ತಾರೆ. ಅವರು ಗೆರ್ಟ್ರೌಡ್ ಅಜ್ಜಿ, ಎಂಬತ್ತೊಂದು ವರ್ಷ. ಒಂದು ಕಾಲದಲ್ಲಿ ಅಲ್ಲಿನ ಶಾಲೆಯಲ್ಲಿ ಅಡಿಗೆ ಮಾಡುತ್ತಿದ್ದವರು, ಈಗ ಬೆನ್ನುಮನೆಯ ಕೀಲಿಕೈ ಅವರ ಸೊಂಟದಲ್ಲಿರುತ್ತದೆ. ಬಣ್ಣದ ಬಾಗಿಲಿನ ಪಕ್ಕದ ಬೆಂಚಿನ ಮೇಲೆ ಕುಳಿತು, ತಳ್ಳುವವರನ್ನು ನೋಡಿ ನಗುವುದು ಅವರ ದಿನದ ಕೆಲಸ. ನನ್ನ ಉಪದೇಶವನ್ನೂ ಅವರು ನೋಡಿದ್ದರು. ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಅವರು ಹೇಳಿದ್ದು ಜರ್ಮನ್ ಭಾಷೆಯಲ್ಲಿ. ಅದನ್ನು ನನಗೆ ತಿಳಿಸಿದವಳು ಅಲ್ಲಿಯೇ ಹತ್ತಿರದ ಊರಿನಲ್ಲಿ ಹನ್ನೆರಡು ವರ್ಷದಿಂದ ನರ್ಸ್ ಆಗಿರುವ ನಮ್ಮ ನೀಲತ್ತೆ, ಮೂಲತಃ ಗದಗಿನ ಬಡಿಗೇರ ಓಣಿಯವಳು. ಆದಕಾರಣ ಈ ಐತಿಹ್ಯದಲ್ಲಿ ಬರುವ ಜರ್ಮನಿಯ ಜನರೆಲ್ಲ ಗದಗಿನವರ ಹಾಗೆಯೇ ಮಾತನಾಡುತ್ತಾರೆ. ಅದಕ್ಕೆ ನಾನು ಹೊಣೆಯಲ್ಲ. ಹಾಗೆ ಮಾತನಾಡಿದ್ದರಿಂದ ಅವರಿಗೇನೂ ನಷ್ಟವಾದಂತೆಯೂ ನನಗೆ ತೋರಲಿಲ್ಲ.

ಹಿಂದೆ ಒಮ್ಮೆ, ನಾಲ್ಕುನೂರು ವರ್ಷಗಳಾದವು ಎನ್ನುತ್ತಾರೆ, ಆಲ್ಟೆನ್‌ರೀಡಿನ ಹಳೆಯ ಪುರಸಭೆ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಹೊಸದನ್ನು ಕಟ್ಟುವ ಕೆಲಸ ಲೆನ್‌ಹಾರ್ಟ್ ಎಂಬ ಬಡಿಗೇರನಿಗೆ ಬಂತು. ಅವನು ಮರ ಕಡಿಸಿ, ಹೊಳೆಯಾಚೆಯ ಹುಲ್ಲುಗಾವಲಿಗೆ ಹೊರಿಸಿ ಹಾಕಿಸುವಷ್ಟರಲ್ಲಿ ಜ್ವರ ಬಂದು ತೀರಿಕೊಂಡ. ಉಳಿದವಳು ಅವನ ಹೆಂಡತಿ ಬಾರ್ಬರಾ. ಆಗಿನ ಬಡಿಗೇರರ ಸಂಘದ ನೇಮ ಹೀಗಿತ್ತು: ಯಜಮಾನ ಸತ್ತರೆ ಅವನ ವಿಧವೆ ಒಂದು ವರ್ಷ ಒಂದು ದಿನ ಮಾತ್ರ ಅವನ ಮರಗೆಲಸದ ಕಮ್ಮಟ ನಡೆಸಬಹುದು. ಅಷ್ಟರೊಳಗೆ ಸಂಘದ ಒಬ್ಬ ಬಡಿಗೇರನನ್ನು ಮದುವೆಯಾಗಬೇಕು, ಇಲ್ಲದಿದ್ದರೆ ಉಳಿ, ಬಾಚಿ, ಗರಗಸ ಎಲ್ಲವನ್ನೂ ಸಂಘಕ್ಕೆ ಒಪ್ಪಿಸಿ ಕೈ ತೊಳೆದುಕೊಳ್ಳಬೇಕು. ಸಂಘದ ಹಿರಿಯ ಎಗ್‌ಬರ್ಟ್ ಎಂಬವನಿಗೆ ಆ ಕಮ್ಮಟದ ಮೇಲೆ ಬಹಳ ದಿನದಿಂದ ಕಣ್ಣಿತ್ತು. ಬಾರ್ಬರಾಳಿಗೆ ಎಗ್‌ಬರ್ಟನೂ ಬೇಡವಾಗಿತ್ತು, ಇನ್ನೊಬ್ಬನೂ ಬೇಡವಾಗಿತ್ತು. ಹದಿನೈದು ವರ್ಷ ಗಂಡನ ಜೊತೆ ನಿಂತು ಮರಕ್ಕೆ ಗುರುತು ಹಾಕಿದವಳು ಅವಳು. ಯಾವ ತೊಲೆಯ ನಾಲಿಗೆ ಯಾವ ಕಂಬದ ತೂತಿಗೆ ಹೋಗಬೇಕೆಂಬುದು ಸತ್ತವನನ್ನು ಬಿಟ್ಟರೆ ಅವಳೊಬ್ಬಳ ತಲೆಯಲ್ಲಿತ್ತು. ಅವಳು ಪುರಸಭೆಯ ಹಿರಿಯರ ಮುಂದೆ ನಿಂತು, ಕಮ್ಮಟ ನನ್ನ ಕೈಯಲ್ಲೇ ಇರಲಿ, ಗಡುವಿನೊಳಗೆ ಚೌಕಟ್ಟು ನಿಲ್ಲಿಸಿ ಕೊಡುತ್ತೇನೆ ಎಂದಳು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿ, ಹೇಗೂ ಆಗದ ಮಾತು ಎಂದುಕೊಂಡು ಒಪ್ಪಿದರು. ಕೊನೆಯ ದಿನದ ಸಂಜೆಯ ಗಂಟೆ ಬಾರಿಸುವುದರೊಳಗೆ ಇಡೀ ಚೌಕಟ್ಟು ಜಾಗದಲ್ಲಿ ನಿಂತಿದ್ದರೆ ಕಮ್ಮಟ ಬದುಕಿರುವವರೆಗೂ ಅವಳದು. ತೊಲೆ ಬಿಗಿಯುವ ಒಂದು ಮರದ ಗೂಟ ಕಡಿಮೆ ಬಿದ್ದರೂ ಎಗ್‌ಬರ್ಟನದು.

ಆ ವರ್ಷವೆಲ್ಲ ಹುಲ್ಲುಗಾವಲಿನಲ್ಲಿ ಕೊಡತಿಯ ಸದ್ದು ನಿಲ್ಲಲಿಲ್ಲ ಎನ್ನುತ್ತಾರೆ. ಇಂಥ ಮನೆಗಳನ್ನು ಜಾಗದಲ್ಲೇ ಕಟ್ಟುತ್ತಾ ಹೋಗುವುದಿಲ್ಲ. ಎಲ್ಲ ಮರವನ್ನೂ ನೆಲದ ಮೇಲೆ ಹಾಸಿ, ಕೊರೆದು, ಒಂದಕ್ಕೊಂದು ಕೂಡಿಸಿ ನೋಡಿ, ಗುರುತು ಹಾಕಿ ಬಿಚ್ಚಿಡುತ್ತಾರೆ. ಆಮೇಲೆ ಒಂದೇ ದಿನ ಊರೆಲ್ಲ ಸೇರಿ ಹೊತ್ತುಕೊಂಡು ಹೋಗಿ ನಿಲ್ಲಿಸುತ್ತಾರೆ. ನನಗೆ ಉಳಿ ಹಿಡಿಯಲು ಕಲಿಸಿದ ನಮ್ಮ ಚಿಕ್ಕಪ್ಪ ಕಪಾಟು ಮಾಡುವುದೂ ಹೀಗೆಯೇ, ಗಾತ್ರ ಮಾತ್ರ ಬೇರೆ. ಮುಂಗೋಡೆಯ ನಡುತೊಲೆಯ ಮೇಲೆ ಯಜಮಾನನ ಹೆಸರು ಕೆತ್ತುವುದು ಪದ್ಧತಿ. ಬಾರ್ಬರಾ ಲೆನ್‌ಹಾರ್ಟನ ಹೆಸರನ್ನು ದೊಡ್ಡದಾಗಿ, ಚೆಂದವಾಗಿ ಕೆತ್ತಿದಳು. ಹೆಂಗಸಿನ ಹೆಸರು ಯಾವ ಮರದ ಮೇಲೂ ಬರುವಂತಿರಲಿಲ್ಲ, ಬಂದರೆ ಕಮ್ಮಟಕ್ಕೆ ಬೀಗ. ಆದರೂ ಒಂದು ಮಧ್ಯಾಹ್ನ, ಆಳುಗಳು ಊಟಕ್ಕೆ ಹೋಗಿದ್ದಾಗ, ಅವಳು ಹಿಂಗೋಡೆಯ ನಡುತೊಲೆಯ ಪಕ್ಕದಲ್ಲಿ ಮಂಡಿಯೂರಿ ಸಣ್ಣ ಉಳಿಯಿಂದ ಏನನ್ನೋ ಗೀರುತ್ತಿದ್ದಳು. ಕಮ್ಮಟದ ಹಳೆಯ ಕೆಲಸಗಾರ ಮೆಲ್ಕಿಯೋರ್ ಮುದುಕ ಬಂದು ಇಣುಕಿದ.

"ಅಕ್ಕಾರ, ಇದೇನ್ ಕೆತ್ತಾಕತ್ತೀರಿ? ನಿಮ್ಮ ಹೆಸರಲ್ಲೇನು?"

"ಹೌದು."

"ಯಾರರ ಓದಿದ್ರ?"

"ಈ ಗೋಡಿ ಹೊಳಿ ಕಡೆ ಬರೂದು. ಮೀನ ಓದ್ತಾವು. ಮೀನ ಹೋಗಿ ಎಗ್‌ಬರ್ಟಗ ಹೇಳ್ತಾವೇನಜ್ಜಾ?"

ಮುದುಕ ತಲೆ ತುರಿಸಿಕೊಳ್ಳುತ್ತಾ ತನ್ನ ಕೆಲಸಕ್ಕೆ ಹೋದ.

ಕೊನೆಗೆ ಆ ದಿನ ಬಂತು, ಒಂದು ವರ್ಷದ ಮೇಲಿನ ಒಂದು ದಿನ. ಮರ ಹೊರುವುದು ಆ ಊರಿನಲ್ಲಿ ಬರೀ ಕೂಲಿಯ ಕೆಲಸವಲ್ಲ, ಮೆರವಣಿಗೆ. ಒಂದೊಂದು ಕಸುಬಿನ ಸಂಘ ತನ್ನ ಬಾವುಟ ಹಿಡಿದು ತನ್ನ ಪಾಲಿನ ಮರ ಹೊರಬೇಕು. ಬಾರ್ಬರಾ ಹಾಕಿದ ಲೆಕ್ಕ ಸರಳವಾಗಿತ್ತು. ಮೆರವಣಿಗೆ ಮೇಲಿನ ಸೇತುವೆ ದಾಟಿ ಪೇಟೆ ಚೌಕದಿಂದ ಜಾಗಕ್ಕೆ ಬರುತ್ತದೆ. ಮೊದಲು ಬಂದ ಮರ ಆಚೆ ತುದಿಗೆ, ಕೊನೆಗೆ ಬಂದದ್ದು ಈಚೆ ತುದಿಗೆ. ಹಿಂಗೋಡೆಯ ಮರ ಮೊದಲು ಹೊರಟರೆ ಅದು ತಾನಾಗಿ ಹೊಳೆಯ ಕಡೆಗೆ ಹೋಗುತ್ತದೆ, ಕೊನೆಗೆ ಬರುವ ಮುಂಗೋಡೆ ಪೇಟೆಯ ಕಡೆಗೆ ಉಳಿಯುತ್ತದೆ. ತಾನು ಹುಲ್ಲುಗಾವಲಿನಲ್ಲೇ ನಿಂತು ಕೊನೆಯ ತೊಲೆಯವರೆಗೆ ಕಳಿಸಿಕೊಟ್ಟು ಬರಬೇಕಾಗಿದ್ದರಿಂದ ಜಾಗದಲ್ಲಿ ಮೆಲ್ಕಿಯೋರನನ್ನು ನಿಲ್ಲಿಸಿದಳು. "ಮೊದಲ ಬಂದದ್ದು ಆಚಿ ತುದಿಗೆ. ಬಂದ ಕೂಡಲೆ ನಿಲ್ಲಿಸಾಕ ಸುರು ಮಾಡು. ಯಾರನ್ನೂ ಏನೂ ಕೇಳಬ್ಯಾಡ, ನನ್ನನ್ನೂ ಕೇಳಬ್ಯಾಡ, ಹೊತ್ತಿಲ್ಲ" ಎಂದು ಮೂರು ಸಲ ಹೇಳಿದಳು.

ಎಲ್ಲವೂ ಸರಿಯಾಗಿಯೇ ಇತ್ತು, ಆದರೆ ಊರಿನವರಿದ್ದರು. ಬೆಳಿಗ್ಗೆ ಹೊರಡುವ ಹೊತ್ತಿಗೆ ರೊಟ್ಟಿ ಸುಡುವವರ ಸಂಘಕ್ಕೂ ಕಸಾಯಿಯವರ ಸಂಘಕ್ಕೂ ಜಗಳ ಹತ್ತಿತು. ರೊಟ್ಟಿಯವರಿಗೆ ಮುಂದಿನ ಸ್ಥಾನ ಕೊಟ್ಟಿದ್ದರು. ಹಿಟ್ಟು ಮೆತ್ತಿದ ಬೆನ್ನುಗಳನ್ನು ನೋಡಿಕೊಂಡು ನಾವು ಹಿಂದೆ ನಡೆಯುವುದಿಲ್ಲ ಎಂದು ಕಸಾಯಿಯವರು ತೊಲೆಗಳನ್ನು ನೆಲಕ್ಕೆ ಇಳಿಸಿಬಿಟ್ಟರು. ಇವರ ಅಜ್ಜಂದಿರು ಯಾವ ಮೆರವಣಿಗೆಯಲ್ಲಿ ಅವರ ಅಜ್ಜಂದಿರಿಗಿಂತ ಮುಂದಿದ್ದರೆಂಬ ಚರ್ಚೆಯಲ್ಲೇ ಬಿಸಿಲು ಏರಿತು. ಆಗ ಊರ ಯಜಮಾನ ಹಾರ್ಟ್‌ವಿಗ್, ನ್ಯಾಯ ತೀರ್ಮಾನದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಖಚಿತವಾಗಿ ತಿಳಿದಿದ್ದವನು, ಎತ್ತರದ ಕಲ್ಲಿನ ಮೇಲೆ ಹತ್ತಿ ತೀರ್ಪು ಕೊಟ್ಟ. ರೊಟ್ಟಿಯವರೇ ಮುಂದೆ ನಡೆಯಲಿ, ಆದರೆ ಮೆರವಣಿಗೆ ಮೇಲಿನ ಸೇತುವೆ ಬಿಟ್ಟು ಕೆಳಗಿನ ಸೇತುವೆಯಿಂದ, ಕಸಾಯಿಯವರ ಓಣಿಯ ಮೂಲಕ, ಅವರ ಸಂಘದ ಮನೆಗೆ ತಲೆಬಾಗಿ ಬರಲಿ. ಒಬ್ಬರಿಗೆ ಸ್ಥಾನ, ಇನ್ನೊಬ್ಬರಿಗೆ ದಾರಿ. ಎರಡೂ ಕಡೆಯವರು ಗೆದ್ದೆವೆಂದು ಟೋಪಿ ಹಾರಿಸಿದರು. ಯಜಮಾನ ತನ್ನ ತೀರ್ಪನ್ನು ಅಲ್ಲೇ ಪುರಸಭೆಯ ಪುಸ್ತಕದಲ್ಲಿ ಬರೆಸಿದ. ಹುಲ್ಲುಗಾವಲಿನ ಆಚೆ ಮೂಲೆಯಲ್ಲಿ ಮರ ಎಣಿಸಿ ಕಳಿಸುತ್ತಿದ್ದ ಬಾರ್ಬರಾಳಿಗೆ ತಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ದಾರಿ ಯಾವುದಾದರೇನು, ಮರ ಅದೇ, ಜಾಗ ಅದೇ.

ಕಸಾಯಿಯವರ ಓಣಿ ಪೇಟೆಗೆ ಬರುವುದಿಲ್ಲ, ಹೊಳೆಯ ದಂಡೆಗೆ ಬರುತ್ತದೆ. ಹೊಳೆಯ ಕಡೆಯಿಂದ ಜಾಗ ಹೊಕ್ಕರೆ ಆಚೆ ತುದಿ ಎಂದರೆ ಪೇಟೆಯ ತುದಿ. ಹಿಂಗೋಡೆಯ ಮರ ಮೊದಲು ಬಂತು, ಮೆಲ್ಕಿಯೋರ್ ಅದನ್ನು ಆಚೆ ತುದಿಗೆ ಹೊರಿಸಿದ, ನಿಲ್ಲಿಸಿದ. ಮಧ್ಯಾಹ್ನಕ್ಕೆ ಮುಂಚೆ ಬಾರ್ಬರಾ ದಾರಿಯಲ್ಲೇ ತೀರ್ಪಿನ ಸುದ್ದಿ ಕೇಳಿಕೊಂಡು ಕೊನೆಯ ತೊಲೆಯ ಜೊತೆ ಬಂದು ತಲೆಯೆತ್ತಿ ನೋಡಿದಾಗ ಪೇಟೆಯ ಕಡೆಗೆ ಬಾಗಿಲಿಲ್ಲದ ಗೋಡೆ ನೆಟ್ಟಗೆ, ಒಂದು ಕೂದಲೂ ವಾಲದೆ ನಿಂತಿತ್ತು. ಅದರ ನಡುತೊಲೆಯಲ್ಲಿ, ಸಂತೆಗೆ ಬಂದವರ ಕಣ್ಣಿಗೆ ಸರಿಯಾಗಿ ಬೀಳುವ ಎತ್ತರದಲ್ಲಿ, ಮೀನಿಗೆಂದು ಕೆತ್ತಿದ ಅವಳ ಹೆಸರಿತ್ತು.

ಅವಳು ಮುದುಕನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಏನಜ್ಜಾ ಇದು?"

"ಗೋಡ್ಯಾಗ ಬಾಗಲಾನ ಇಲ್ಲಲ್ಲ ಅಂತ ನನಗೂ ಅನ್ಸಿತ್ರಿ ಅಕ್ಕಾರ. ಕೇಳಬೇಕು ಅಂದ್ಕೊಂಡೆ. ಆದ್ರ ಕೇಳಬ್ಯಾಡ ಅಂತ ನೀವ ಅಂದಿದ್ರಿ."

"ಇಷ್ಟ ವರ್ಷದಾಗ ನೀ ನನ್ನ ಮಾತ ಕೇಳಿದ್ದು ಇದೊಂದ ಸಲ ನೋಡು."

"ಬಿಚ್ಚೂಣೇನ್ರಿ?"

ಬಾರ್ಬರಾ ಸೂರ್ಯನನ್ನು ನೋಡಿದಳು. ಬಿಚ್ಚಿ ಹೊತ್ತು ತಿರುಗಿಸಿ ನಿಲ್ಲಿಸಲು ಇನ್ನೊಂದು ದಿನ ಬೇಕು. ಆ ದಿನ ಅವಳ ಬಳಿ ಇರಲಿಲ್ಲ. ಬಿಚ್ಚದಿದ್ದರೆ ಹೆಸರು ಎಗ್‌ಬರ್ಟನ ಕಣ್ಣಿಗೆ ಬೀಳುತ್ತದೆ, ಆಗಲೂ ಕಮ್ಮಟ ಹೋಗುತ್ತದೆ. ಎರಡು ಕಡೆಯಿಂದಲೂ ಹೋಗುವುದಾದರೆ ಕೆಲಸವಾದರೂ ಮುಗಿದಿರಲಿ ಎಂದುಕೊಂಡಳೋ, ಅಥವಾ ಆಗಲೇ ಅವಳ ತಲೆಯಲ್ಲಿ ಬೇರೇನಾದರೂ ಓಡುತ್ತಿತ್ತೋ, ಗೊತ್ತಿಲ್ಲ. "ಗೂಟಾ ಬಡಿ" ಎಂದಳು. ಚೌಕಟ್ಟು ಮುಗಿದ ದಿನ ಸೂಜಿಯೆಲೆಯ ಹಸಿರು ಟೊಂಗೆಗಳನ್ನು ಹೆಣೆದು ಮಾಡಿನ ತುದಿಗೆ ಹಾರ ಕಟ್ಟುವುದು ಅಲ್ಲಿನ ಬಡಿಗೇರರ ಪದ್ಧತಿ. ಬಾರ್ಬರಾ ಆ ಹಾರವನ್ನು ತರಿಸಿ, ಏಣಿ ಹಾಕಿ, ಮಾಡಿಗಲ್ಲದೆ ನಡುತೊಲೆಗೆ ಕಟ್ಟಿದಳು. ಹಾರ ಇಲ್ಲಿಗ್ಯಾಕೆಂದು ಕೆಳಗಿನಿಂದ ಯಾರೋ ಕೂಗಿದರು. "ತುದಿಗೆ ಕಟ್ಟಿದ್ರ ಕಾಗಿ ನೋಡ್ತಾವು, ಇಲ್ಲೆ ಕಟ್ಟಿದ್ರ ಮಂದಿ ನೋಡ್ತೈತಿ" ಎಂದಳು. ಅದು ಎಲ್ಲರಿಗೂ ಸರಿ ಎನ್ನಿಸಿತು. ಮುನ್ನೂರು ಜನ ಹಗ್ಗ ಎಳೆಯುತ್ತಿದ್ದರು, ಗೂಟ ಬಡಿಯುತ್ತಿದ್ದರು. ಇಷ್ಟು ಹತ್ತಿರದಿಂದ ಬಡಿಯುವವನಿಗೆ ಗೂಟ ಕಾಣುತ್ತದೆ, ಮನೆ ಕಾಣುವುದಿಲ್ಲ.

ಎಗ್‌ಬರ್ಟ್ ಬಂದದ್ದು ಇಳಿಬಿಸಿಲಿನಲ್ಲಿ. ಬೆಳಗಿನಿಂದ ಸಂಘದ ಮನೆಯಲ್ಲಿ ಬಿಯರ್ ಮುಂದಿಟ್ಟುಕೊಂಡು, ಆ ಹೆಂಗಸು ಒಂದು ಗೋಡೆಯನ್ನಾದರೂ ನಿಲ್ಲಿಸಿದಳೇ ಎಂದು ನಗುತ್ತಿದ್ದವನು, ಬಂದು ನೋಡಿದರೆ ಮಾಡಿನ ತುದಿಯ ತೊಲೆ ಕೂಡ ಕುಳಿತಿತ್ತು. ಒಂದು ಸುತ್ತು ಬಂದ. ಎರಡು ಸುತ್ತು ಬಂದ. ಮೂರನೆಯ ಸುತ್ತಿನಲ್ಲಿ ಅವನ ಮುಖ ಅರಳಿತು.

"ಏ ಮಂದೀ, ಇದು ತಿರುಗಾಮುರುಗಾ ನಿಂತೈತಿ! ಮಾರಿ ಹೊಳಿಗೆ, ಬೆನ್ನು ಪ್ಯಾಟಿಗೆ! ಇದನ್ನ ನಿಲ್ಲಿಸ್ಯಾಳ ಅಂತಾರೇನು? ತಪ್ಪು, ತಪ್ಪು, ಎಲ್ಲಾ ತಪ್ಪು!"

ಊರು ಒಮ್ಮೆಲೇ ಕೈ ಬಿಟ್ಟು ತಲೆಯೆತ್ತಿ ನೋಡಿತು. ಆಗ ಮೊದಲ ಸಲ ಎಲ್ಲರಿಗೂ ಮನೆ ಕಾಣಿಸಿತು. ಬಾರ್ಬರಾ ಮಾಡಿನ ತುದಿಯಲ್ಲಿ ನಿಂತಿದ್ದಳು, ಏಕೆಂದರೆ ಕೆಲಸ ಮುಗಿಸಿದವರು ಅಲ್ಲಿಂದ ಊರಿಗೆ ನಾಲ್ಕು ಮಾತು ಹೇಳಿ, ಗಾಜಿನ ಬಟ್ಟಲಿನ ಮದ್ಯ ಕುಡಿದು ಬಟ್ಟಲನ್ನು ಕೆಳಗೆಸೆಯಬೇಕು, ಅದು ಅಲ್ಲಿನ ಪದ್ಧತಿ. ಬಟ್ಟಲು ಅವಳ ಕೈಯಲ್ಲಿತ್ತು. ಅಲ್ಲಿಂದಲೇ ಅವಳು ಕೂಗಿ ಹೇಳಿದಳು.

"ಖರೇ ಹೇಳಿದ್ರಿ ಎಗ್‌ಬರ್ಟ್ ಯಜಮಾನ್ರ. ತಪ್ಪ ಆಗೈತಿ. ನಾ ಹೇಳಿದ ದಾರೀಲೆ ಮರಾ ಬಂದಿದ್ರ ಮನಿ ಸರಿ ನಿಲ್ತಿತ್ತು. ಇನ್ನ ತಪ್ಪು ಯಾರದು ಅನ್ನೂದನ್ನ ನೀವ ಇಲ್ಲೆ ಎಲ್ಲಾರ ಮುಂದ ಹೇಳಿಬಿಡ್ರಿ, ಪುಸ್ತಕದಾಗ ಬರಸೂಣು. ರೊಟ್ಟಿಯವರು ಮುಂದ ನಡದದ್ದು ತಪ್ಪೋ? ಕಸಾಯಿಯವರ ಓಣ್ಯಾಗ ಬಂದದ್ದು ತಪ್ಪೋ?"

ರೊಟ್ಟಿಯವರ ಹಿರಿಯ ಏಪ್ರನ್ನಿನ ಹಿಟ್ಟು ಕೊಡವಿಕೊಂಡು ಮುಂದೆ ಬಂದ. "ನಾವು ಮುಂದ ನಡದದ್ರಾಗ ಏನೂ ತಪ್ಪಿಲ್ಲ. ನಮ್ಮ ಅಜ್ಜನ ಕಾಲದಿಂದ ನಾವ ಮುಂದ." ಕಸಾಯಿಯವರ ಹಿರಿಯ ಅವನಿಗಿಂತ ಒಂದು ಹೆಜ್ಜೆ ಮುಂದೆ ಬಂದ. "ನಮ್ಮ ಓಣಿ ತಪ್ಪಂತ ಅನ್ನೋ ಗಂಡಸು ಯಾವನದಾನ, ಬಾಯಿ ತಗೀಲಿ ನೋಡೂಣು." ಎಗ್‌ಬರ್ಟ್ ಬಾಯಿ ತೆಗೆದ. ಎರಡು ಸಂಘದ ನೂರಿಪ್ಪತ್ತು ಜನ ಅವನ ಕಡೆ ತಿರುಗಿದರು. ಎಗ್‌ಬರ್ಟ್ ಬಾಯಿ ಮುಚ್ಚಿದ. ಈಗ ಉಳಿದವನು ಊರ ಯಜಮಾನ, ತೀರ್ಪು ಕೊಟ್ಟವನು, ಕೊಟ್ಟು ಪುಸ್ತಕದಲ್ಲಿ ಬರೆಸಿದವನು. ಮನೆ ತಪ್ಪಾದರೆ ತೀರ್ಪು ತಪ್ಪು. ಅವನು ಗಂಟಲು ಸರಿಮಾಡಿಕೊಂಡ.

"ಪುರಸಭೆ ಹೊಳಿಗೆ ಮಾರಿ ಮಾಡಿ ನಿಲ್ಲಬೇಕು ಅನ್ನೂದು ಮೊದಲಿಂದನೂ ನನ್ನ ಮನಸ್ಸಿನಾಗ ಇತ್ತು. ದೋಣ್ಯಾಗ ಬರೋ ದೊಡ್ಡ ಮಂದಿಗೆ ಕಾಣಬೇಕಲ್ಲ."

ಸೆಲ್ಮ ಹೊಳೆಯಲ್ಲಿ ದೋಣಿ ಹೋಗುವಷ್ಟು ನೀರು ಅಂದೂ ಇರಲಿಲ್ಲ, ಇಂದೂ ಇಲ್ಲ. ಬಾತುಕೋಳಿಗಳು ನಡೆದೇ ದಾಟುವುದನ್ನು ನಾನು ಕಣ್ಣಾರೆ ಕಂಡೆ. ಆದರೆ ಆ ಸಂಜೆ ಇಡೀ ಊರು, ಹೌದು ಹೌದು, ದೋಣಿ, ದೋಣಿ ಎಂದು ತಲೆಯಾಡಿಸಿತು. ಎಗ್‌ಬರ್ಟ್ ಸಿಟ್ಟಿನಿಂದ ಸುತ್ತ ನೋಡಿದ. ಅವನ ಕಣ್ಣು ಹಾರದ ಮೇಲೆ ಬಿತ್ತು. ಮಾಡಿನ ತುದಿಯಲ್ಲಿರಬೇಕಾದ ಹಾರ ನಡುತೊಲೆಯ ಮೇಲೇಕಿದೆ ಎಂದು ಅವನಂಥ ಬಡಿಗೇರನಿಗೆ ಅನುಮಾನ ಬರದಿರುತ್ತದೆಯೇ? ಏಣಿ ಅಲ್ಲೇ ಇತ್ತು, ಎರಡು ಮೆಟ್ಟಿಲು ಹತ್ತಿಯೇಬಿಟ್ಟ. ಮೇಲೆ ಬಾರ್ಬರಾಳ ಕೈಯಲ್ಲಿ ಬಟ್ಟಲು ಹಾಗೆಯೇ ನಿಂತಿತು. ಆಗ ಮೆಲ್ಕಿಯೋರ್ ಮುದುಕ ಏಣಿಯ ಬುಡಕ್ಕೆ ಬಂದು, ಯಾರನ್ನೂ ಕೇಳದೆ, ಬಹಳ ವಿನಯದಿಂದ ಹೇಳಿದ.

"ಕಟ್ಟಿದ ಹಾರಕ್ಕ ಕೈ ಹಚ್ಚಬಾರದ್ರಿ ಯಜಮಾನ್ರ. ಕಟ್ಟಿದವರ ಬದಲಿ ಮಾಡಬೇಕು, ಇಲ್ಲಂದ್ರ ತಾನ ಒಣಗಿ ಬೀಳಬೇಕು. ಕೈ ಹಚ್ಚಿದ ಬಡಿಗೇರ ಸಂಘದ ಹೊರಗ. ನೇಮ ಬರದೋರು ನಿಮ್ಮಪ್ಪಾರ."

ಎಗ್‌ಬರ್ಟ್ ಇಳಿದ. ಬಾರ್ಬರಾ ಬಟ್ಟಲು ಖಾಲಿ ಮಾಡಿ ಎಸೆದಳು, ಅದು ಕಲ್ಲಿನ ಮೇಲೆ ಬಿದ್ದು ನೂರು ಚೂರಾಯಿತು, ಅದರ ಬೆನ್ನಿಗೇ ಸಂಜೆಯ ಗಂಟೆ ಬಾರಿಸಿತು. ಕಮ್ಮಟ ಅವಳದಾಯಿತು. ಪೇಟೆಯ ಕಡೆ ಬೋಳುಗೋಡೆ ಚೆನ್ನಾಗಿ ಕಾಣುವುದಿಲ್ಲವೆಂದು ಯಜಮಾನ ಆಮೇಲೆ ಅಲ್ಲಿ ಬಾಗಿಲಿನ ಚಿತ್ರ ಬರೆಸಿದ. ಮರುವರ್ಷ ರಾಜಧಾನಿಯಿಂದ ಬಂದ ಅಧಿಕಾರಿಯೊಬ್ಬ ಅದನ್ನು ಭುಜ ಕೊಟ್ಟು ತಳ್ಳಿ, ಮೂಗು ಉಜ್ಜಿಕೊಳ್ಳುತ್ತಾ, "ಈ ಮನಿ ನನಗ ಬೆನ್ನು ಮಾಡಿ ನಿಂತೈತಲ್ಲ" ಎಂದನಂತೆ. ಅಂದಿನಿಂದ ಹೊರಗಿನವರ ಬಾಯಲ್ಲಿ ಅದು ಬೆನ್ನುಮನೆಯಾಯಿತು. ಊರಿನವರು ಎರಡು ತಲೆಮಾರು ಆ ಹೆಸರಿಗೆ ಸಿಡುಕಿದರು, ಆಮೇಲೆ ಅವರೂ ಹಾಗೆಯೇ ಕರೆದರು.

ಹಾರ ಒಣಗುವ ಮೊದಲೇ ಬಾರ್ಬರಾ ಹೊಸದನ್ನು ಕಟ್ಟಿದಳು. ಪ್ರತಿ ವರ್ಷ ಅದೇ ದಿನ ಏಣಿ ತರಿಸಿ, ಬೇರೆ ಯಾರನ್ನೂ ಹತ್ತಗೊಡದೆ, ತಾನೇ ಹತ್ತಿ, ಹಳೆಯ ಹಾರದ ಹಿಂದೆ ತಲೆ ತೂರಿಸಿ ಬಹಳ ಹೊತ್ತು ಕಟ್ಟುತ್ತಿದ್ದಳು. ಬದುಕಿರುವವರೆಗೂ ಕೆಳಗೆ ಏಣಿ ಹಿಡಿದ ಮೆಲ್ಕಿಯೋರನ ಟೋಪಿಯ ಮೇಲೆ ಕಸಕಡ್ಡಿ ಉದುರುತ್ತಿತ್ತು, ಅವನು ಕೊಡವಿಕೊಳ್ಳುತ್ತಿದ್ದ ಎನ್ನುತ್ತಾರೆ. ಹೀಗೆ ಮೂವತ್ತೊಂದು ವರ್ಷ. ಅಷ್ಟರಲ್ಲಿ ಆಲ್ಟೆನ್‌ರೀಡಿನ ಅರ್ಧಕ್ಕೂ ಹೆಚ್ಚು ಮಾಡುಗಳನ್ನು ಅವಳ ಕಮ್ಮಟವೇ ನಿಲ್ಲಿಸಿತ್ತು. ಅವಳು ತೀರಿಕೊಂಡ ವರ್ಷ ಹಾರ ಬದಲಾಗಲಿಲ್ಲ. ವಸಂತದ ಗಾಳಿಗೆ ಒಣಗಿದ್ದು ಕಳಚಿ ಬಿತ್ತು, ಸಂತೆಯ ದಿನ, ಎಲ್ಲರೆದುರು. ಆಗಿನ ಸಂಘದ ಹಿರಿಯ ಎಗ್‌ಬರ್ಟನ ಮಗ. ಹೆಸರನ್ನು ಕೆರೆದು ಹಾಕಬೇಕೆಂದು ಅವನು ಏಣಿ ಹತ್ತಿದ, ಉಳಿಯನ್ನು ಮರಕ್ಕೆ ಇಟ್ಟ, ಸ್ವಲ್ಪ ಹೊತ್ತು ನೋಡಿದ, ಇಳಿದ. ಅದು ಹೋಗುವುದಿಲ್ಲ ಎಂದನಂತೆ. ಆಮೇಲೆ ಅವನೇ ಹೊಸ ಹಾರ ಹೆಣೆಸಿ ಕಟ್ಟಿಸಿದ.

ಇಂದಿಗೂ ಪ್ರತಿ ವರ್ಷ ಬಡಿಗೇರರು ಅಲ್ಲಿ ಹೊಸ ಹಾರ ಕಟ್ಟುತ್ತಾರೆ. ನೋಡಬೇಕೆನ್ನುವವರಿಗೆ ಗೆರ್ಟ್ರೌಡ್ ಅಜ್ಜಿ ತುದಿಗೆ ಕೊಕ್ಕೆಯಿರುವ ಒಂದು ಕೋಲು ಕೊಡುತ್ತಾರೆ. ಅದರಿಂದ ಹಾರದ ಅಂಚನ್ನು ಎತ್ತಿದರೆ ಬಣ್ಣದ ಬಾಗಿಲಿನ ಮೇಲೆ ಅವಳ ಹೆಸರಿನ ಏಳು ಜರ್ಮನ್ ಅಕ್ಷರ ಕಾಣುತ್ತವೆ. ಬಂದವರು ಎತ್ತುತ್ತಾರೆ, ಫೋಟೋ ಹೊಡೆದುಕೊಳ್ಳುತ್ತಾರೆ, ಹೋಗುತ್ತಾರೆ. ನನಗೆ ಅಷ್ಟು ಸಾಲಲಿಲ್ಲ. ಗೋಡೆಯ ಪಕ್ಕದಲ್ಲಿ ಹಿಂದೆ ಕುದುರೆಗಳಿಗೆ ನೀರು ಕುಡಿಸುತ್ತಿದ್ದ ಕಲ್ಲಿನ ತೊಟ್ಟಿಯಿದೆ. ಕೋಲನ್ನು ಅಜ್ಜಿಯ ಕೈಗೇ ಕೊಟ್ಟು, ಎತ್ತಿ ಹಿಡಿಯಿರೆಂದು ಸನ್ನೆ ಮಾಡಿ, ತೊಟ್ಟಿಯ ಅಂಚಿನ ಮೇಲೆ ಹತ್ತಿ ನಿಂತೆ. "ಇಳೀಲೇ ಮೌನೇಶ, ಪೊಲೀಸ್ರು ಬರ್ತಾರ, ನಾ ಇಲ್ಲೆ ನೌಕರಿ ಮಾಡೂದೈತಿ" ಎಂದು ಅತ್ತೆ ನನ್ನ ಪ್ಯಾಂಟು ಜಗ್ಗಿದಳು. ಅಜ್ಜಿ ಮಾತ್ರ ನಗುತ್ತಾ ಹಾರವನ್ನು ಇನ್ನಷ್ಟು ಮೇಲಕ್ಕೆತ್ತಿದರು. ನಾನು ಕೈ ಚಾಚಿ ಮೊದಲ ಅಕ್ಷರದೊಳಗೆ ಬೆರಳಿಟ್ಟೆ.

ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಮಂಡಿಯೂರಿ, ಸಣ್ಣ ಉಳಿಯಿಂದ 'ಗೀರಿದ್ದು' ಎಂದು ಅಜ್ಜಿ ಹೇಳಿದ್ದರು. ಓಕ್ ಮರದ ಮೇಲೆ ಅಂಥ ಗೀರು ಉಗುರಿನಷ್ಟು ಆಳ ಇಳಿದರೆ ಹೆಚ್ಚು, ನಾಲ್ಕುನೂರು ವರ್ಷದ ಮಳೆಗೆ ಅದು ಎಂದೋ ಅಳಿಸಿಹೋಗಬೇಕಿತ್ತು. ನನ್ನ ಬೆರಳು ಎರಡನೆಯ ಗೆಣ್ಣಿನವರೆಗೆ ಒಳಗೆ ಹೋಯಿತು. ಒಳಗೋಡೆಯನ್ನು ಸವರಿ ನೋಡಿದೆ. ಒಂದೇ ಸಲ ಇಳಿಸಿದ ಕೊರೆತವಾದರೆ ನುಣುಪಾಗಿರುತ್ತದೆ. ಇದರಲ್ಲಿ ಮೇಲಿನಿಂದ ತಳದವರೆಗೆ ಸಣ್ಣ ಸಣ್ಣ ಮೆಟ್ಟಿಲುಗಳಿದ್ದವು, ಒಂದರ ಕೆಳಗೊಂದು, ವರ್ಷಕ್ಕೊಂದು ಪದರ ತೆಗೆದಂತೆ. ಶಾಲೆಯ ಲೆಕ್ಕದಲ್ಲಿ ನಾನು ಎರಡು ಸಲ ಫೇಲಾದವನು, ಮೂವತ್ತೊಂದು ಇವೆಯೋ ಇಲ್ಲವೋ ಎಣಿಸಿ ಹೇಳಲಾರೆ. ಆದರೆ ಉಳಿ ಹಿಡಿಯಲು ಬರುತ್ತದೆ. ಹಾರ ಬದಲಾಯಿಸಲು ಹತ್ತುವವರು ಯಾರೂ ಜೊತೆಗೆ ಉಳಿ ಒಯ್ಯುವುದಿಲ್ಲ. ಬಾರ್ಬರಾ ಒಯ್ಯುತ್ತಿದ್ದಳು, ಮೆಲ್ಕಿಯೋರನ ಟೋಪಿಯ ಮೇಲೆ ಉದುರುತ್ತಿದ್ದುದು ಬರೀ ಹಾರದ ಕಸವಾಗಿರಲಿಲ್ಲ.